ನಮ್ಮವರ ಹೆಸರಿನ ನಾಯಿ

ನಮ್ಮ ಕೊಯಿಲದ ಕಡೆ ನಾಯಿಗೆ ಹೆಸರಿಡಲು ಯಾರೂ ಪಂಚಾಂಗ ನೋಡುವುದಿಲ್ಲ. ಬಿಳಿ ಇದ್ದರೆ ಬೊಳ್ಳ, ಕಪ್ಪಿದ್ದರೆ ಕಾಳು, ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಟೈಗರ್. ಬೆಕ್ಕಿಗಂತೂ ಹೆಸರೇ ಇಲ್ಲ, ಪುಚ್ಚೆ ಎಂದು ಕರೆದರೆ ಬರುತ್ತದೆ. ಆದರೆ ಪಕ್ಕದ ಮನೆಯ ತೀರ್ಥರಾಮ, ಅವನ ನಾಲಗೆಗೆ ಹುಳ ಬೀಳಲಿ, ತನ್ನ ನಾಯಿಮರಿಗೆ ನನ್ನ ಗಂಡನ ಹೆಸರಿಟ್ಟ.

ಆ ಹೆಸರನ್ನು ಅಲ್ಲಿಯವರೆಗೆ ನಾನೇ ಒಮ್ಮೆಯೂ ಹೇಳಿದವಳಲ್ಲ. ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬರಬಾರದು ಎಂದು ನನ್ನ ತಾಯಿ ಕಲಿಸಿ ಕಳಿಸಿದ್ದರು. ರೇಷನ್ ಕಾರ್ಡಿನವರು ಕೇಳಿದಾಗಲೂ ಮಗಳನ್ನು ಮುಂದೆ ತಳ್ಳಿದೆ. ಈಗಿನವರು ನಗುವುದಾದರೆ ನಗಲಿ. ತೀರ್ಥರಾಮನಿಗೆ ಇದು ಗೊತ್ತಿತ್ತು. ಗೊತ್ತಿದ್ದೇ ಇಟ್ಟದ್ದು.

ನಮ್ಮವರು ಊರಿನ ಹಾಲಿನ ಸೊಸೈಟಿಯಲ್ಲಿ ಹಾಲು ಪರೀಕ್ಷೆ ಮಾಡುತ್ತಿದ್ದರು. ನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ ತೀರ್ಥರಾಮನ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಸಿದರೆ ಅದು ಸೀದಾ ತಳಕ್ಕೆ ಹೋಯಿತು. "ತೀರ್ಥರಾಮ, ನಿನ್ನ ದನ ಬಾವಿಯಲ್ಲೇ ಮೇಯುದಾ ಎಂತ?" ಎಂದು ಕೇಳಿ, ಇಡೀ ಸಾಲಿನ ಎದುರು ಹಾಲು ವಾಪಸು ಕೊಟ್ಟರು. ಎಲ್ಲರೂ ನಕ್ಕರು. ಆ ವಾರವೇ ಅವನ ಅಂಗಳಕ್ಕೆ ನಾಯಿಮರಿ ಬಂತು. ಮರುದಿನದಿಂದಲೇ ಶುರು: "ದುಗ್ಗಪ್ಪಾ! ಏ ದುಗ್ಗಪ್ಪಾ! ಬಾಲ ಅಲ್ಲಾಡಿಸುದು ನೋಡು, ಕಳ್ಳ ನಾಯಿಯದ್ದು!"

ನಮ್ಮವರು ನಕ್ಕುಬಿಟ್ಟರು. "ಕರೀಲಿ ಮಾರಾಯ್ತಿ. ಅವನ ಹೆಸರೇ ಇಟ್ಟಿದ್ರೆ ಪಾಪ, ಆ ಪ್ರಾಣಿಗೆ ಎಷ್ಟು ಬೇಸರ ಆಗ್ತಿತ್ತು." ನನಗೆ ನಗು ಬರಲಿಲ್ಲ. ನಮ್ಮ ಹುಂಜಕ್ಕೆ ತೀರ್ಥರಾಮ ಎಂದು ಹೆಸರಿಟ್ಟು ಆಟಿ ತಿಂಗಳ ಮಳೆಯಲ್ಲಿ ಕೊಯ್ದು ತಿನ್ನುವ ಎಂದೆ. "ಆ ಹೆಸರಿಟ್ರೆ ನಾನು ಕೋಳಿ ಮುಟ್ಟುದಿಲ್ಲ" ಎಂದರು.

ನಾಯಿ ಬೇಲಿ ನುಸುಳಿ ಬಂದು ನಾನು ಒಣಹಾಕಿದ ಹಪ್ಪಳದ ಮೇಲೆಯೇ ಮಲಗುತ್ತಿತ್ತು. "ಹಚಾ, ಹಚಾ" ಎಂದರೆ ಕಿವಿಯನ್ನೂ ಅಲ್ಲಾಡಿಸುತ್ತಿರಲಿಲ್ಲ. ಬೇಲಿಯಾಚೆ ತೀರ್ಥರಾಮ ಹಲ್ಲು ಕಿಸಿದು ನಿಂತಿರುತ್ತಿದ್ದ. "ಹೆಸರು ಹಿಡಿದು ಕರೀರಿ ಅಮ್ಮುವಕ್ಕ. ಹೆಸರು ಹೇಳಿದ್ರೆ ಕೇಳ್ತದೆ." ನಾನು ಹಪ್ಪಳ ಬಾಚಿಕೊಂಡು ಒಳಗೆ ಹೋಗುತ್ತಿದ್ದೆ.

ಕಳೆದ ಮಾರ್ಚಿನಲ್ಲಿ ನಮ್ಮವರು ಹೋದರು. ಎದೆನೋವು ಎಂದರು, ಪುತ್ತೂರಿನ ಆಸ್ಪತ್ರೆ ತಲುಪುವಾಗ ಎಲ್ಲ ಮುಗಿದಿತ್ತು. ಹದಿಮೂರನೆಯ ದಿನ ಉತ್ತರಕ್ರಿಯೆ. ಅವರಿಗೆಂದು ಎಲೆ ಹಾಕಿ, ಅವರಿಗೆ ಇಷ್ಟವಾದದ್ದೆಲ್ಲ ಬಡಿಸಿ, ಬಂದು ಉಣ್ಣಲಿ ಎಂದು ಬಾಗಿಲು ಎಳೆದುಕೊಂಡು ಹೊರಗೆ ನಿಂತಿದ್ದೆವು. ಆ ಹೊತ್ತಿಗೆ ಯಾರೂ ಮಾತಾಡುವುದಿಲ್ಲ. ಬೇಲಿಯಾಚೆಯಿಂದ ಕೇಳಿತು: "ದುಗ್ಗಪ್ಪಾ! ಬಾ ಬಾ, ಅನ್ನ ಹಾಕಿದ್ದೇನೆ, ತಿನ್ನು!"

ಮಗಳು ಅತ್ತುಬಿಟ್ಟಳು. ನಾಯಿಗೆ ದಿನಾ ಅನ್ನ ಹಾಕುವ ಹೊತ್ತೇ ಅದು, ಬೇಕೆಂದು ಕರೆದದ್ದಲ್ಲ ಎಂದು ಕೆಲವರು ಸಮಾಧಾನ ಹೇಳಿದರು. ಹೊತ್ತಂತೆ! ಒಂದು ದಿನ ಬಾಯಿ ಮುಚ್ಚಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಅವನ ಬಾಯಿಂದ ನನ್ನ ಗಂಡನ ಹೆಸರು ಕಿತ್ತು ತರದೆ ನಾನು ಸಾಯುವುದಿಲ್ಲ ಎಂದು ಅಂದೇ ಹೇಳಿಕೊಂಡೆ. ಹೇಗೆಂದು ಮಾತ್ರ ಗೊತ್ತಿರಲಿಲ್ಲ.

ಎರಡು ತಿಂಗಳು ಕಳೆದ ಮೇಲೆ ಸೊಸೈಟಿಯ ಎದುರು ನಾಯಿ, ಬೆಕ್ಕುಗಳಿಗೆ ಹುಚ್ಚು ನಾಯಿ ರೋಗದ ಇಂಜೆಕ್ಷನ್ ಕೊಡುವ ಶಿಬಿರ. ನಾನು ಪುಚ್ಚೆಯನ್ನು ಬುಟ್ಟಿಯಲ್ಲಿ ಮುಚ್ಚಿ ತಂದು ಸಾಲಿನಲ್ಲಿ ನಿಂತೆ. ನನ್ನ ಮುಂದೆಯೇ ತೀರ್ಥರಾಮ, ಕೈಯಲ್ಲಿ ನಾಯಿಯ ಚೈನು. ಸಾಲಿನಲ್ಲಿದ್ದವರೆಲ್ಲ ನಮ್ಮವರಿಗೆ ಹಾಲು ಕೊಟ್ಟವರೇ, ಉತ್ತರಕ್ರಿಯೆಯಲ್ಲಿ ಉಂಡವರೇ. ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ ಹುಡುಗಿ ತೃಪ್ತಿ ತಲೆ ಎತ್ತದೆ ಕೇಳಿದಳು, "ನಾಯಿಯ ಹೆಸರೆಂತ?"

ತೀರ್ಥರಾಮ ಅತ್ತ ನೋಡಿದ, ಇತ್ತ ನೋಡಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು.

"ಟೈಗರ್" ಎಂದ.

ಥೂ, ಹೇಡಿ! ಬೇಲಿಯ ಹಿಂದೆ ನಾಲ್ಕು ವರ್ಷ ಗಂಟಲು ಹರಿದುಕೊಂಡವನಿಗೆ ನಾಲ್ಕು ಜನರ ಎದುರು ಗಂಟಲು ಕಟ್ಟಿತು.

ಸೂಜಿ ಕಂಡದ್ದೇ ತಡ, ನಾಯಿ ಕೊರಳಿನ ಬೆಲ್ಟಿನಿಂದ ತಲೆ ತಪ್ಪಿಸಿಕೊಂಡು ರಸ್ತೆಗೆ ಹಾರಿತು. ನಡುರಸ್ತೆಯಲ್ಲಿ ದಿಕ್ಕು ತೋಚದೆ ಸುತ್ತತೊಡಗಿತು. ಕಡಬದ ಕಡೆಯಿಂದ ಜನ ತುಂಬಿಕೊಂಡು ಜೀಪೊಂದು ಇಳಿಜಾರಿನಲ್ಲಿ ಬರುತ್ತಿತ್ತು. "ಟೈಗರ್! ಟೈಗರ್, ಬಾ!" ಎಂದು ತೀರ್ಥರಾಮ ಬೊಬ್ಬೆ ಹೊಡೆದ. ಯಾವ ಟೈಗರ್? ನಾಯಿ ತಿರುಗಿಯೂ ನೋಡಲಿಲ್ಲ. ಅವನು ನನ್ನ ಮುಖ ನೋಡಿದ, ಬಾಯಿ ತೆರೆದ, ಮುಚ್ಚಿದ.

ಸಾಯಲಿ ಎಂದು ಒಂದು ಕ್ಷಣ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಸತ್ತರೆ ಈ ಪೀಡೆಯೂ ತೀರುತ್ತದೆ. ಆದರೆ ಆ ಹೆಸರಿನ ಜೀವ ಇನ್ನೊಮ್ಮೆ ಹೋಗುವುದನ್ನು ನೋಡಲು ನನ್ನಿಂದಾಗಲಿಲ್ಲ.

"ದುಗ್ಗಪ್ಪಾ!" ಎಂದೆ. "ದುಗ್ಗಪ್ಪಾ, ಬಾ ಇಲ್ಲಿ!"

ನನ್ನ ಸ್ವರ ನನಗೇ ಗುರುತು ಸಿಗಲಿಲ್ಲ. ನಾಯಿ ಒಂದೇ ಓಟಕ್ಕೆ ಬಂದು ನನ್ನ ಕಾಲಿಗೆ ಒರಗಿತು. ಜೀಪು ಹಾರ್ನ್ ಹೊಡೆಯುತ್ತ ದಾಟಿ ಹೋಯಿತು.

ತೀರ್ಥರಾಮ ಖಾಲಿ ಚೈನು ಹಿಡಿದುಕೊಂಡು ಬಂದ. "ದೊಡ್ಡ ಉಪಕಾರ ಆಯ್ತು ಅಮ್ಮುವಕ್ಕ..."

"ಮುಚ್ಚು ಬಾಯಿ. ನಿನ್ನ ನಾಯಿ ಟೈಗರ್ ಅಲ್ವಾ? ಹೋಗು, ಹುಡುಕು. ಇದು ದುಗ್ಗಪ್ಪ. ಇದು ನನ್ನದು."

"ಎಂತ ಮಾತಾಡ್ತೀರಿ? ಸಾಕಿದ್ದು ನಾನು!"

"ಹಾಗಾದ್ರೆ ಹೆಸರು ಹಿಡಿದು ಕರಿ. ಇಷ್ಟು ಜನರ ಎದುರು ಕರಿ. ಹೆಸರು ಹೇಳಿದ್ರೆ ಕೇಳ್ತದೆ."

ಅವನು ಕರೆಯಲಿಲ್ಲ. ಸಾಲಿನಲ್ಲಿ ಒಬ್ಬರೂ ಅವನ ಪರ ಬಾಯಿ ಬಿಡಲಿಲ್ಲ. ತೃಪ್ತಿ ಟೈಗರ್ ಎಂದು ಬರೆದದ್ದನ್ನು ಹೊಡೆದುಹಾಕಿ ನಾನು ಹೇಳಿದಂತೆ ಬರೆದಳು: ನಾಯಿ ದುಗ್ಗಪ್ಪ, ಯಜಮಾನಿ ಅಮ್ಮು.

ಈಗ ಮಧ್ಯಾಹ್ನ ಬೇಲಿಯ ಈಚೆಯಿಂದ ನಾನು ಕರೆಯುತ್ತೇನೆ. ತೀರ್ಥರಾಮನಿಗೆ ಕೇಳಲೆಂದೇ ಜೋರಾಗಿ ಕರೆಯುತ್ತೇನೆ. ಅವನು ಕಿಟಕಿ ಹಾಕಿಕೊಳ್ಳುತ್ತಾನೆ. ಹಾಕಿಕೊಳ್ಳಲಿ. ಮೂವತ್ತೆಂಟು ವರ್ಷ ಜೊತೆಯಲ್ಲಿದ್ದವರನ್ನು ನಾನು ಒಮ್ಮೆಯೂ ಹೆಸರು ಹಿಡಿದು ಊಟಕ್ಕೆ ಕರೆದವಳಲ್ಲ, "ಓಯ್, ಕೇಳಿತಾ" ಎಂದೇ ಮುಗಿಸಿದೆ. ಈಗ ಕರೆದರೆ ನಾಯಿ ಓಡಿ ಬರುತ್ತದೆ. ಅನ್ನ ಹಾಕುತ್ತೇನೆ.