ಆರನೆಯ ತುಂಡು

ಜಯಶೀಲಾ ಟೀಚರ್ ಬರೆದ ಕಾದಂಬರಿಯ ಒಂದೇ ಪ್ರತಿ ಬಹರೈನಿಗೆ ಬಂದಿತ್ತು, ಓಸ್ವಾಲ್ಡನ ಸೂಟ್‌ಕೇಸಿನಲ್ಲಿ. ಓದುವವರು ನಾವು ನಾಲ್ವರು: ಅವಾಲಿಯ ತೈಲ ಕಂಪನಿಯ ಲ್ಯಾಬಿನಲ್ಲಿದ್ದ ನಾನು, ಟುಬ್ಲಿಯ ಗ್ಯಾರೇಜಿನ ಗುರುವಪ್ಪ, ನರ್ಸ್ ವಾಯೊಲೆಟ್, ಮತ್ತು ಮನಾಮದ ತನ್ನ ಮನೆಯಲ್ಲಿ ನಮಗೆ ಜಾಗ ಕೊಡುತ್ತಿದ್ದ ಓಸ್ವಾಲ್ಡ್. ಸೇರುವುದು ರಜೆಯ ದಿನವಾದ ಶುಕ್ರವಾರ ಮಾತ್ರ. ಒಬ್ಬರು ಮುಗಿಸುವ ತನಕ ಉಳಿದವರು ಕಾಯುವುದು ಬೇಡವೆಂದು ಪುಸ್ತಕದ ಹೊಲಿಗೆ ಬಿಚ್ಚಿ ಆರು ತುಂಡು ಮಾಡಿದೆವು. ಗುರುವಪ್ಪ ಕಾರಿನ ಸೀಟಿಗೆ ಹೊದಿಸುವ ರೆಕ್ಸಿನ್ ತಂದು ಒಂದೊಂದಕ್ಕೂ ರಟ್ಟು ಕಟ್ಟಿದ. ಪ್ರತಿ ಶುಕ್ರವಾರ ತುಂಡುಗಳು ಕೈ ಬದಲಿಸಬೇಕು ಎಂಬುದು ನಿಯಮ.

ಕಾದಂಬರಿಯ ನಾಯಕಿ ಅಪ್ಪಿ ತನ್ನ ಮಗುವನ್ನು ತಾಯಿಯ ಹತ್ತಿರ ಬಿಟ್ಟು ಬೊಂಬಾಯಿಗೆ ಆಯಾ ಕೆಲಸಕ್ಕೆ ಹೋಗುತ್ತಾಳೆ. ವಾಯೊಲೆಟ್ ಕೂಡ ಮಗಳು ಬ್ರಿಜಿಟ್ ನಡೆಯಲು ಕಲಿಯುವ ಮೊದಲೇ ಅವಳನ್ನು ತನ್ನೂರು ಶಿರ್ವದಲ್ಲಿ ಅಮ್ಮನ ಬಳಿ ಬಿಟ್ಟು ಬಂದವಳು. ಊರಿಗೆ ಹೋಗುವ ರಜೆಯನ್ನು ಎರಡು ಸಲ ಮುಂದೆ ಹಾಕಿದ್ದಳು. ಒಮ್ಮೆ ವಾರ್ಡಿನಲ್ಲಿ ಜನ ಇಲ್ಲ ಎಂದಳು, ಇನ್ನೊಮ್ಮೆ ಏನೂ ಹೇಳಲಿಲ್ಲ. ಈ ಸಲ ಅವಳ ಸರದಿ ಮತ್ತೆ ಬಂದಿತ್ತು. ಆ ತಿಂಗಳೊಳಗೆ ರಜೆ ಕೇಳದಿದ್ದರೆ ಇನ್ನೊಂದು ವರ್ಷ ಕಾಯಬೇಕು.

ಓಸ್ವಾಲ್ಡ್ ಮತ್ತು ನಾನು ಆರನೆಯ ತುಂಡನ್ನು ಮೊದಲೇ ಓದಿದ್ದೆವು. ನಮ್ಮ ನಂತರ ಗುರುವಪ್ಪ, ಆಮೇಲೆ ವಾಯೊಲೆಟ್. ಅದರಲ್ಲಿ ಅಪ್ಪಿ ಊರಿಗೆ ಮರಳುತ್ತಾಳೆ. ಅಂಗಳದಲ್ಲಿ ನಿಂತವಳನ್ನು ಕಂಡು ಮಗು ಅಜ್ಜಿಯ ಸೆರಗಿನ ಹಿಂದೆ ಅಡಗಿ, ಇದು ಯಾರು ಎಂದು ಕೇಳುತ್ತದೆ. ಅಲ್ಲಿಗೆ ಕತೆ ಮುಗಿಯುತ್ತದೆ. ಗುರುವಪ್ಪ ಅದನ್ನು ಓದಿ ಕಾರಿನಲ್ಲಿಟ್ಟವನು ಮತ್ತೆ ಹೊರಗೆ ತೆಗೆಯಲಿಲ್ಲ. ಶುಕ್ರವಾರ ಬಂದಾಗಲೆಲ್ಲ ಮರೆತೆ ಎನ್ನುತ್ತಿದ್ದ. ಯಾಕೆಂದು ಓಸ್ವಾಲ್ಡನಿಗೂ ನನಗೂ ಗೊತ್ತಿತ್ತು. ವಾಯೊಲೆಟ್ ಅದನ್ನು ಓದುವುದು ನಮಗೂ ಬೇಕಿರಲಿಲ್ಲ.

ಹೀಗಿರುವಾಗ ಟೀಚರೇ ಮುಹರ್ರಕ್‌ನಲ್ಲಿದ್ದ ಮಗನ ಮನೆಗೆ ಬಂದಿದ್ದಾರೆಂದು ತಿಳಿದು, ಕರೆದೆವು. ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು ಬಂದರು. ಮೇಜಿನ ಮೇಲಿದ್ದ ರೆಕ್ಸಿನ್ನಿನ ಐದು ತುಂಡುಗಳನ್ನು ನೋಡಿ, ಇದೇನು ಎಂದು ಕೇಳಿದರು. ಗುರುವಪ್ಪ ನಿಯಮವನ್ನು ವಿವರಿಸಿದ ಮೇಲೆ ಒಂದನ್ನು ಎತ್ತಿ ಅದರ ರಟ್ಟು ಸವರಿ, ಮುದ್ರಕರು ಕಟ್ಟಿದ್ದಕ್ಕಿಂತ ಇದೇ ಗಟ್ಟಿ ಎಂದು ನಕ್ಕರು.

ಚರ್ಚೆ ಚೆನ್ನಾಗಿಯೇ ನಡೆಯಿತು. ಬೊಂಬಾಯಿಯ ಚಾಳಿನ ಒಂಟಿ ಕೋಣೆಯ ಮನೆಗಳ ಬಗ್ಗೆ ಓಸ್ವಾಲ್ಡ್ ಕೇಳಿದ, ಅಪ್ಪಿಯ ಗಂಡನ ಬಗ್ಗೆ ನಾನು. ಐದನೆಯ ತುಂಡು ದಾಟಲು, ಕೊನೆ ಓದಿದ್ದ ನಾವು ಮೂವರೂ ತಯಾರಿರಲಿಲ್ಲ. ಮಾತು ಅತ್ತ ಸರಿದರೆ ಗುರುವಪ್ಪ ಚಹಾದ ಕೆಟಲ್ ಎತ್ತುತ್ತಿದ್ದ. ಕೊನೆಗೆ ಟೀಚರ್ ಕಪ್ಪನ್ನು ಕೆಳಗಿಟ್ಟರು.

"ಕೊನೆಯ ಬಗ್ಗೆ ಒಬ್ಬರೂ ಕೇಳುವುದಿಲ್ಲ. ಕೆಟ್ಟದಾಗಿದ್ದರೆ ಹೇಳಬಹುದು, ಬೇಸರ ಇಲ್ಲ."

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ಕೊನೆ ನನಗೆ ಇನ್ನೂ ಸಿಕ್ಕಲಿಲ್ಲ ಟೀಚರ್," ಎಂದಳು ವಾಯೊಲೆಟ್. "ಅದು ಗುರುವಪ್ಪಣ್ಣನ ಕಾರಿನಲ್ಲಿ ಉಂಟು. ಇವರಿಗೆಲ್ಲ ಗೊತ್ತುಂಟು, ನನಗೆ ಹೇಳುವುದಿಲ್ಲ. ನೀವೇ ಹೇಳಿ."

"ಬೇಡ ಸಿಸ್ಟರ್," ಎಂದ ಗುರುವಪ್ಪ.

ಟೀಚರ್ ಅವಳನ್ನೂ ಅವನನ್ನೂ ನೋಡಿದರು. ನಿನಗೆ ಮಗು ಉಂಟಾ, ಪ್ರಾಯ ಎಷ್ಟು ಎಂದು ವಾಯೊಲೆಟ್‌ಳನ್ನು ಕೇಳಿದರು. ಮಗಳು ಊರಿನಲ್ಲಿದ್ದಾಳೆ, ನಾಲ್ಕು ತುಂಬುತ್ತಾ ಬಂತು ಎಂದಳು. ಆಮೇಲೆ ಅವರು ಅಂಗಳವನ್ನು, ಸೆರಗನ್ನು, ಮಗುವಿನ ಪ್ರಶ್ನೆಯನ್ನು ಏನೂ ಮುಚ್ಚಿಡದೆ ಹೇಳಿದರು.

ವಾಯೊಲೆಟ್ ಇನ್ನೂ ಕಾಯುತ್ತಿದ್ದಳು.

"ಮತ್ತೆ?"

"ಮತ್ತೆ ಇಲ್ಲ. ಅಷ್ಟೇ."

"ಅಷ್ಟೆಯಾ?" ಅವಳು ಕುರ್ಚಿಗೆ ಒರಗಿದಳು. "ಇವರು ಅಡಗಿಸುವುದು ನೋಡಿ ಮಗು ಸತ್ತಿತು ಅಂತ ಎಣಿಸಿದ್ದೆ ನಾನು. ರೋಗಿಗೆ ಹೇಳಬಾರದ್ದು ಇದ್ದರೆ ನಾವು ವಾರ್ಡಿನಲ್ಲಿ ಹೀಗೆಯೇ ಚಹಾ ಕೊಡುವುದು. ಊರಿನಿಂದ ಕಾಗದ ಬಂದರೆ ಒಡೆಯಲಿಕ್ಕೆ ಹೆದರಿಕೆ ಆಗುತ್ತಿತ್ತು, ಗುರುವಪ್ಪಣ್ಣ."

ಗುರುವಪ್ಪ ತಲೆ ತಗ್ಗಿಸಿದ. ಮುಚ್ಚಳ ತೆಗೆಯದೆ ಒಳಗಿನದನ್ನು ಅಳೆಯಲಾಗದು ಎಂದು ಲ್ಯಾಬಿಗೆ ಬರುವ ಹೊಸಬರಿಗೆಲ್ಲ ನಾನು ಹೇಳುವುದುಂಟು. ನಾವು ಸುತ್ತಿ ಮುಚ್ಚಿಟ್ಟದ್ದು ಅವಳ ಮನಸ್ಸಿನೊಳಗೆ ಎಷ್ಟು ದೊಡ್ಡದಾಗಿ ಬೆಳೆದೀತು ಎಂದು ಲೆಕ್ಕ ಹಾಕಿರಲಿಲ್ಲ.

"ಬ್ರಿಜಿಟ್‌ಗೆ ನನ್ನ ಗುರ್ತ ಸಿಗಲಿಕ್ಕಿಲ್ಲ ಅಂತಲೇ ನಾನು ಹೋಗದೆ ಕೂತದ್ದು," ಎಂದಳು ವಾಯೊಲೆಟ್. "ಅಪ್ಪಿ ಮತ್ತೆ ಎಂತ ಮಾಡಿದಳು ಟೀಚರ್? ಅಂಗಳದಿಂದಲೇ ತಿರುಗಿ ಹೋದಳಾ?"

"ಗೊತ್ತಿಲ್ಲಮ್ಮ. ಅಲ್ಲಿಂದ ಮುಂದೆ ಬರೆಯಲು ನನಗೆ ಧೈರ್ಯ ಬರಲಿಲ್ಲ."

"ಚಪ್ಪಲಿ ಬಿಚ್ಚಿ ಜಗಲಿಯಲ್ಲಿ ಕೂತಿರಬೇಕು," ಎಂದಳು ವಾಯೊಲೆಟ್. "ಮಗು ತಾನಾಗಿ ಬರುವ ತನಕ."

ಟೀಚರ್ ಅವಳ ಕೈಯ ಮೇಲೆ ತಮ್ಮ ಕೈ ಇಟ್ಟರು.

ಗುರುವಪ್ಪ ಎದ್ದು ಕೆಳಗೆ ಹೋಗಿ ಕಾರಿನಿಂದ ಆರನೆಯ ತುಂಡು ತಂದ. ಮೇಲೆ ಕೂತ ಧೂಳನ್ನು ಅಂಗಿಯ ತೋಳಿನಿಂದ ಒರೆಸಿ ಕೊಟ್ಟ.

"ಮುಂದಿನ ಶುಕ್ರವಾರ ವಾಪಸ್ ತರಬೇಕು ಸಿಸ್ಟರ್, ನಿಯಮ," ಎಂದ, ನಗಲು ಪ್ರಯತ್ನಿಸುತ್ತಾ.

"ನಿಯಮ ನೀವು ಪಾಲಿಸಿದ್ದು ನೋಡಿದ್ದೇನೆ," ಎಂದಳು. "ಇದು ನನ್ನ ಜೊತೆ ಶಿರ್ವಕ್ಕೆ ಬರುತ್ತದೆ. ರಜೆ ಮುಗಿದ ಮೇಲೆ ವಾಪಸ್."