ಅದು ಯಾರ ದುಡ್ಡು

ಆ ಶುಕ್ರವಾರ ಬೆಳಿಗ್ಗೆ ಒಣಗಾಳಿ ಎದ್ದಿತ್ತು. ಮೋಡವಿಲ್ಲ, ಚಳಿಯಿಲ್ಲ, ಬಿಸಿಲೇರಲು ಇನ್ನೂ ಹೊತ್ತಿತ್ತು. ಗಾಳಿ ಮಾತ್ರ ಬೀದಿಯ ಆ ತುದಿಯಿಂದ ಈ ತುದಿಗೆ ಏನೋ ಕಳಕೊಂಡವರ ಹಾಗೆ ಓಡಾಡುತ್ತಿತ್ತು. ಹಗ್ಗದ ಮೇಲೆ ಹರವಿದ ಬಟ್ಟೆ ಹತ್ತೇ ನಿಮಿಷಕ್ಕೆ ರಟ್ಟಿನಂತಾಗುವ, ಮಾತಾಡಲು ಬಾಯಿ ತೆರೆದರೆ ತುಟಿ ಬಿರಿಯುವ ಗಾಳಿ ಅದು.

ಕಂಕುಳಲ್ಲಿ ಚೀಲ ಅವುಚಿಕೊಂಡು, ತಲೆ ತಗ್ಗಿಸಿಕೊಂಡು ಆ ಬೀದಿಯಲ್ಲಿ ಬರುತ್ತಿದ್ದವನು ತಣ್ಣೀರು ಮಾವ. ಇದು ಹೆತ್ತವರು ಇಟ್ಟ ಹೆಸರಲ್ಲ, ಸಾಲ ವಸೂಲಿ ಆಫೀಸಿನ ಹುಡುಗರು ಕಟ್ಟಿದ್ದು. ಯಾರ ಮನೆಗೆ ಹೋದರೂ ಅವನು ಮೊದಲು ಸಾಲದ ಮಾತೆತ್ತುತ್ತಿರಲಿಲ್ಲ. "ಒಂದು ಲೋಟ ತಣ್ಣೀರು ಸಿಗಬಹುದಾ ತಾಯಿ?" ಎನ್ನುತ್ತಿದ್ದ. ನೀರು ಕೊಟ್ಟವರಿಗೆ ಆಮೇಲೆ ಮುಖಕ್ಕೆ ಹೊಡೆದಂತೆ ಬಾಗಿಲು ಹಾಕಲು ಮನಸ್ಸು ಬರುವುದಿಲ್ಲ ಎನ್ನುವುದನ್ನು ಮೂವತ್ತು ವರ್ಷದ ನೌಕರಿಯಲ್ಲಿ ಅವನು ಚೆನ್ನಾಗಿ ಅರಿತಿದ್ದ. ಲೋಟ ಖಾಲಿಯಾಗುವಷ್ಟರಲ್ಲಿ ಮನೆಯವರ ಕಷ್ಟಸುಖವೆಲ್ಲ ಹೊರಗೆ ಬಂದಿರುತ್ತಿತ್ತು.

ಹಾಗಾಗಿ ಉಳಿದವರು ಕೈಬಿಟ್ಟ ಸಾಲಗಳೆಲ್ಲ ಅವನ ಮೇಜಿಗೆ ಬರುತ್ತಿದ್ದವು. ಹದಿನೈದು ವರ್ಷದವು, ಇಪ್ಪತ್ತು ವರ್ಷದವು. ಅಷ್ಟು ಹಳೆಯ ಸಾಲವನ್ನು ಕೋರ್ಟಿಗೆ ಒಯ್ಯುವಂತಿಲ್ಲ, ಕಾನೂನಿನ ಕಣ್ಣಿಗೆ ಅದು ಸತ್ತುಹೋದ ಸಾಲ. ಆದರೆ ಸಾಲಗಾರರೇ ಮನಸಾರೆ ಚೂರುಪಾರು ಕೊಟ್ಟು, 'ಬಾಕಿ ಇರುವುದು ನಿಜ, ತೀರಿಸುತ್ತೇನೆ' ಎಂದು ಅಚ್ಚಾಗಿರುವ ಚೀಟಿಗೆ ಸಹಿ ಹಾಕಿದರೆ, ಸತ್ತದ್ದು ಬಡ್ಡಿಸಮೇತ ಎದ್ದು ಕೂರುತ್ತದೆ. ಅಂಥ ಸಹಿ ಹಾಕಿಸುವುದರಲ್ಲಿ ಮಾವನದು ಪಳಗಿದ ಕೈ.

ಕೆಟ್ಟವನಲ್ಲ. ದಿನಾ ನಸುಕಿನಲ್ಲೆದ್ದು ಅರ್ಧ ತಾಸು ದೇವರ ಮುಂದೆ ಕಣ್ಣುಮುಚ್ಚಿ ಕೂರುತ್ತಿದ್ದ. ಇಷ್ಟು ವರ್ಷದಲ್ಲಿ ಯಾರ ಮೇಲೂ ದನಿಯೆತ್ತಿಲ್ಲ, ಯಾರಿಗೂ ಸುಳ್ಳು ಹೇಳಿಲ್ಲ ಎಂಬ ಒಳಗೊಳಗಿನ ಹೆಮ್ಮೆಯೂ ಇತ್ತು. ಜನ ಹೊತ್ತುಕೊಂಡ ಭಾರವನ್ನು ಇಳಿಸಿಕೊಳ್ಳಲು ತಾನೊಂದು ಕೈ ಕೊಡುತ್ತಿದ್ದೇನೆ, ಅಷ್ಟೇ ಎಂದು ನಂಬಿದ್ದ.

ಅವತ್ತು ಹುಡುಕಿಕೊಂಡು ಬಂದದ್ದು ಬೆತ್ತದಮ್ಮನ ಮನೆ. ಬೆತ್ತದ ಕುರ್ಚಿಗಳ ಕೂರುವ ಜಾಗ ಹರಿದರೆ ಹೊಸದಾಗಿ ಹೆಣೆದುಕೊಡುವುದು ಅವಳ ಕಸುಬು. ಬೀದಿಗೆ ತೆರೆದ ಒಂದೇ ಕೋಣೆ. ಮೊಳೆಗಳಿಗೆ ತಲೆಕೆಳಗಾಗಿ ನೇತುಹಾಕಿದ ಕುರ್ಚಿಗಳು, ಮೂಲೆಯ ಟಬ್ಬಿನಲ್ಲಿ ನೆನೆಹಾಕಿದ ಬೆತ್ತದ ಎಳೆಗಳು. ಐವತ್ತು ದಾಟಿದ ಬೆತ್ತದಮ್ಮ ನೆಲದ ಮೇಲೆ ಕೂತು ಕುರ್ಚಿಯ ಚೌಕಟ್ಟನ್ನು ಮಡಿಲಿಗೆಳೆದುಕೊಂಡು, ತೂತಿನಿಂದ ತೂತಿಗೆ ಎಳೆ ತೂರಿಸಿ, ಅದು ಜಾರದಂತೆ ಪುಟ್ಟ ಬೆಣೆ ಸಿಕ್ಕಿಸುತ್ತಿದ್ದಳು. ಎದುರಿಗೆ ಅವಳ ನಾದಿನಿ, ಅಂದರೆ ತೀರಿಹೋದ ಗಂಡನ ತಂಗಿ, ದಬ್ಬಳ ಹಿಡಿದು ಇನ್ನೊಂದು ಕುರ್ಚಿಯ ಹಳೆಯ ಹೆಣಿಗೆ ಕಿತ್ತು ತೆಗೆಯುತ್ತಿದ್ದಳು.

"ಅತ್ತಿಗೇ, ಯಾರೋ ಬಂದ್ರು ನೋಡು," ಎಂದಳು ನಾದಿನಿ. "ಕುರ್ಚಿ ತಂದಿಲ್ಲ, ಚೀಲ ತಂದಿದ್ದಾರೆ. ಕೊಡೋ ಗಿರಾಕಿ ಅಲ್ಲ ಇದು."

"ಸುಮ್ನಿರೇ. ಬನ್ನಿ ಅಣ್ಣಾ, ಕೂತ್ಕೊಳ್ಳಿ. ಆ ಕಂದು ಕುರ್ಚಿ ಮೇಲೆ ಮಾತ್ರ ಬೇಡಿ, ತಳ ಇಲ್ಲ ಅದಕ್ಕೆ."

ಮಾವ ಸ್ಟೂಲಿನ ಮೇಲೆ ಕೂತ. ನೀರು ಕೇಳಿದ, ಕುಡಿದ. ಈ ಗಾಳಿಗೆ ಬೆತ್ತ ಬೇಗ ಒಣಗುವುದಿಲ್ಲವೇ ಎಂದು ವಿಚಾರಿಸಿದ. "ಅಯ್ಯೋ, ಅದನ್ನೇನು ಕೇಳ್ತೀರಿ! ಕೈಯಲ್ಲಿ ಹಿಡಿದಿರೋ ಹಾಗೇ ಒಣಗಿ ಪಟಕ್ ಅಂತ ಮುರಿಯುತ್ತೆ. ಬೆಳಿಗ್ಗೆಯಿಂದ ಮೂರು ಎಳೆ ಹಾಳಾಯ್ತು," ಎಂದಳು ಅವಳು. ಮಾತು, ಹಿಂದೆ ಮನೆಮನೆಯಿಂದ ಕುರ್ಚಿ ತಂದುಕೊಡುತ್ತಿದ್ದ ಅವಳ ಗಂಡನ ಕಡೆಗೆ ತಿರುಗುವವರೆಗೆ ಕಾದು, ಮಾವ ಮೆತ್ತಗೆ ಫೈಲು ಬಿಚ್ಚಿದ. ಕುರ್ಚಿ ಸಾಗಿಸಲು ಒಂದು ತಳ್ಳುಗಾಡಿ ಬೇಕೆಂದು ಹತ್ತೊಂಬತ್ತು ವರ್ಷದ ಕೆಳಗೆ ನಿಮ್ಮ ಯಜಮಾನರು ಎಂಟು ಸಾವಿರ ಸಾಲ ತೆಗೆದಿದ್ದರು, ಜಾಮೀನಿಗೆ ನಿಮ್ಮ ಸಹಿ ಇದೆ ಎಂದ.

ನಾದಿನಿ ದಬ್ಬಳ ಕೆಳಗಿಟ್ಟಳು. "ನಮ್ಮಣ್ಣ ಸತ್ತು ಹದಿನೇಳು ವರ್ಷ ಆಯ್ತು. ಆ ಗಾಡಿ ಗುಜರಿಗೆ ಹೋಗಿ ಹದಿನೈದು ವರ್ಷ. ಇಷ್ಟು ದಿನ ಎಲ್ಲಿ ಮಲಗಿದ್ರಿ ಯಜಮಾನ್ರೇ? ನಿದ್ದೆ ಚೆನ್ನಾಗಿ ಬಂತಾ?"

ಇಂಥ ಮಾತು ಮಾವನಿಗೆ ಹೊಸದೇನಲ್ಲ. ನಕ್ಕು ಸುಮ್ಮನಾದ. ಬೈಗುಳ ತಗ್ಗಿದ ಮೇಲೆ ಬರುವ ಮೌನಕ್ಕಾಗಿ ಕಾಯುವುದು ಅವನ ಪದ್ಧತಿ. ಆದರೆ ಈ ಸಲ ಕಾಯಬೇಕಾಗಲಿಲ್ಲ. ಬೆತ್ತದಮ್ಮ ಮಡಿಲಿನ ಚೌಕಟ್ಟನ್ನು ಬದಿಗಿಟ್ಟು ಎದ್ದೇ ನಿಂತಳು. ಮುಖದಲ್ಲಿ ಗಾಬರಿಯಿರಲಿಲ್ಲ. ಬಹಳ ದಿನದಿಂದ ನಿರೀಕ್ಷಿಸಿದ ನೆಂಟರು ಬಂದರೇನೋ ಎನ್ನುವಂತಿತ್ತು.

"ಅಂತೂ ಬಂದ್ರಲ್ಲ ಅಣ್ಣಾ! ನಿಮ್ಮನ್ನ ಎಷ್ಟು ಕಾದೆ ಅಂತೀರಿ? ನಮ್ಮೋರು ಹೋದ್ಮೇಲೆ ಕಂತು ಕಟ್ಟೋಣ ಅಂತ ಮೂರು ಸಲ ಹೋಗಿದ್ದೆ ಆ ಆಫೀಸಿಗೆ. ಎರಡು ಸಲ ಬೀಗ. ಮೂರನೇ ಸಲ ನೋಡಿದ್ರೆ ಅಲ್ಲೊಂದು ಚಪ್ಪಲಿ ಅಂಗಡಿ. ಚಪ್ಪಲಿ ಅಂಗಡಿಯವನ ಕೈಗೆ ಕೊಟ್ಟು ಬರೋಕಾಗುತ್ತಾ?"

"ಕೊಟ್ಟಿದ್ರೆ ಒಂದು ಜೊತೆ ಚಪ್ಪಲಿಯಾದ್ರೂ ಬರ್ತಿತ್ತು," ಎಂದು ಗೊಣಗಿದಳು ನಾದಿನಿ.

ಬೆತ್ತದಮ್ಮ ಒಳಗಿನ ಡಬ್ಬಿಯಿಂದ ನೂರರ ಎರಡು ನೋಟು ತಂದಳು. "ಈಗ ಇಷ್ಟೇ ಇರೋದು. ಮುಂದಕ್ಕೆ ಸ್ವಲ್ಪ ಸ್ವಲ್ಪ ಕೊಡ್ತೀನಿ." ಚೀಟಿಯಲ್ಲಿ ಮಾವ ಬೆರಳಿಟ್ಟು ತೋರಿಸಿದ ಜಾಗದಲ್ಲಿ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಅಕ್ಷರ ಅಕ್ಷರ ಬಿಡಿಸಿ ಸಹಿ ಹಾಕಿದಳು. ಅಲ್ಲಿಗೆ ಕೆಲಸ ಮುಗಿದಿತ್ತು. ಮಾವ ಏಳುವಾಗ ಅವಳು ಕೇಳಿದಳು:

"ಅಣ್ಣಾ, ಅದು ಯಾರ ದುಡ್ಡು?"

"ಕಂಪನಿದಮ್ಮ."

"ಕಂಪನಿ ಅಂದ್ರೂ ಅದರ ಹಿಂದೆ ಯಾರೋ ಒಬ್ಬರು ಇರ್ತಾರಲ್ಲ? ಅವತ್ತು ನಮ್ಮೋರ ಕೈಗೆ ಬಂದಿದ್ದು ಯಾರದೋ ಗಂಟು ತಾನೆ? ಮನೆ ಕಟ್ಟೋಕೆ ಇಟ್ಟಿದ್ರೋ, ಕಾಯಿಲೆಗೆ ಇಟ್ಟಿದ್ರೋ, ನಮ್ಮಿಂದ ಅವರಿಗೆ ಎಷ್ಟು ತೊಂದರೆ ಆಯ್ತೋ. ಅವರ ಹೆಸರು, ಮನೆ ಎಲ್ಲಿ ಅಂತ ತಿಳ್ಕೊಂಡು ಬನ್ನಿ. ದುಡ್ಡು ನಿಧಾನಕ್ಕೆ ತೀರುತ್ತೆ. ತಪ್ಪಾಯ್ತು ಅಂತ ಒಂದು ಮಾತು ಬೇಗ ಹೇಳ್ಬೇಕು ನಾನು."

"ತಿಳ್ಕೊಂಡು ಬರ್ತೀನಿ," ಎಂದ ಮಾವ. ಬಾಯಿಂದ ಮಾತು ಸಲೀಸಾಗಿ ಬಂದುಬಿಟ್ಟಿತು. ಬಂದ ಮೇಲೆ, ಸುಳ್ಳು ಹೇಳದವನು ಎಂಬ ಹೆಮ್ಮೆಗಾದರೂ ಅದನ್ನು ನಡೆಸಿಕೊಡಬೇಕಾಯಿತು.

ಮರುದಿನ ಮ್ಯಾನೇಜರ್ ಕೋಣೆಗೆ ಹೋಗಿ ವಿಚಾರಿಸಿದ. ಮ್ಯಾನೇಜರ್ ಮಾವನಿಗಿಂತ ಇಪ್ಪತ್ತು ವರ್ಷ ಚಿಕ್ಕವನು, ನಗುಮುಖದವನು. ಪ್ರಶ್ನೆ ಕೇಳಿ ಅವನಿಗೆ ತಮಾಷೆ ಎನ್ನಿಸಿತು.

"ಯಾರ ದುಡ್ಡು ಅಂತ ಕೇಳಿದ್ಲಾ? ಒಳ್ಳೇದಾಯ್ತು! ಮಾವ, ಸಾಲ ಕೊಟ್ಟ ಯಜಮಾನ ಯಾವತ್ತೋ ವಿಮೆಯವರ ಹತ್ರ ನಷ್ಟ ತುಂಬಿಸ್ಕೊಂಡ. ಆಮೇಲೆ ಅಂಗಡಿ ಮುಚ್ಚಿದ, ಆರಾಮಾಗಿ ಬಾಳಿ ಸತ್ತ. ಮೇಜು ಕುರ್ಚಿ ಮಾರುವಾಗ ಅವನ ಮಕ್ಕಳು ಈ ಹೆಸರುಗಳ ಪಟ್ಟೀನೂ ಮಾರಿದ್ರು. ನಾಲ್ಕು ಕೈ ದಾಟಿ ನಮಗೆ ಬಂದಿದೆ. ನಾಲ್ಕು ಸಾವಿರ ಹೆಸರು, ಒಂದೇ ಕಂತೆ."

"ಒಂದು ಹೆಸರಿಗೆ ಎಷ್ಟು ಬಿತ್ತು ಸರ್?"

"ಅರ್ಧ ಲೋಟ ಚಹಾದಷ್ಟು."

"ಹಾಗಾದ್ರೆ ಅದು ಈಗ ಯಾರ ದುಡ್ಡು?"

"ನಿನ್ನೆವರೆಗೆ ಯಾರದೂ ಅಲ್ಲ. ನೀವು ಸಹಿ ಹಾಕಿಸಿದ್ರಲ್ಲ, ಇನ್ಮೇಲೆ ನಮ್ಮದು." ಮ್ಯಾನೇಜರ್ ಕ್ಯಾಲ್ಕುಲೇಟರ್ ಒತ್ತಿ ಅವನ ಕಡೆ ತಿರುಗಿಸಿದ. ಎಂಟು ಸಾವಿರ, ಬಡ್ಡಿ ಚಕ್ರಬಡ್ಡಿ ಸೇರಿ ಒಂದು ಲಕ್ಷ ಮೂವತ್ತು ಸಾವಿರ ಚಿಲ್ಲರೆ. "ಆ ಕೋಣೆ ಅವಳದೇ ಅಲ್ವಾ? ಸಾಕು ಬಿಡಿ. ಸೋಮವಾರ ಹತ್ತು ಗಂಟೆಗೆ ಚೀಟಿ, ದುಡ್ಡು ಎರಡೂ ಜಮಾ ಮಾಡಿ, ಮಧ್ಯಾಹ್ನವೇ ನೋಟೀಸ್ ಹೋಗ್ಲಿ. ನಿಮ್ಮಂಥೋರು ಇನ್ನಿಬ್ಬರು ಇದ್ದಿದ್ರೆ ನಾನು ಕಾಲು ಚಾಚಿ ಮಲಗ್ತಿದ್ದೆ."

ಮಾವ ಹೊರಗೆ ಬಂದು ತನ್ನ ಮೇಜಿನ ಮುಂದೆ ಕೂತ. ಇದರಲ್ಲಿ ಅವನಿಗೆ ಗೊತ್ತಿಲ್ಲದ್ದು ಏನಿತ್ತು? ಸಹಿಯಿಂದ ಏನಾಗುತ್ತದೆಂದು ಮೂವತ್ತು ವರ್ಷದಿಂದ ಗೊತ್ತು. ಆದರೆ ಸಹಿಯಾದ ಮೇಲೆ ಫೈಲು ಬೇರೆಯವರ ಮೇಜಿಗೆ ಹೋಗುತ್ತಿತ್ತು. ನೋಟೀಸು ಒಯ್ಯುವವರು ಬೇರೆ, ಮನೆ ಖಾಲಿ ಮಾಡಿಸುವವರು ಬೇರೆ. ಅಂಥ ಬಾಗಿಲುಗಳಿಗೆ ಅವನು ಎರಡನೇ ಸಲ ಹೋದದ್ದೇ ಇಲ್ಲ. ಈಗ ಹೋಗುತ್ತೇನೆ ಎಂದು ಮಾತು ಕೊಟ್ಟು ಬಂದಿದ್ದ.

ಚೀಟಿಯನ್ನು ಕೊಡದೆ ಉಳಿಸಿಕೊಳ್ಳುವುದೂ ಸುಲಭವಿರಲಿಲ್ಲ. ಪ್ರತಿ ಚೀಟಿಗೂ ನಂಬರು. ಒಂದು ನಂಬರು ತಪ್ಪಿದರೂ ದುಡ್ಡು ನುಂಗಿದ ಲೆಕ್ಕ, ಅವತ್ತೇ ಕೆಲಸದಿಂದ ಹೊರಗೆ. ಮಾವನಿಗೆ ನಿವೃತ್ತಿಗೆ ಹನ್ನೊಂದು ತಿಂಗಳು ಉಳಿದಿತ್ತು. ಆಗ ಕೈಗೆ ಬರುವ ಇಡುಗಂಟಿನಲ್ಲಿ ಮಳೆಗೆ ಸೋರುವ ಮನೆಯ ಮಾಡನ್ನು ಬಿಚ್ಚಿ ಹೊಸದಾಗಿ ಹೊದೆಸುವುದೆಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರು.

ಭಾನುವಾರ ನಸುಕಿನಲ್ಲಿ ದೇವರ ಮುಂದೆ ಕೂತ. ಕಣ್ಣು ಮುಚ್ಚಿದರೆ ಒದ್ದೆ ಕೈ ಒರೆಸಿಕೊಂಡು ಸಹಿ ಹಾಕುವ ಹೆಂಗಸು. ದಿನಾ ಸರಾಗವಾಗಿ ಬರುತ್ತಿದ್ದ ಪ್ರಾರ್ಥನೆಯ ಸಾಲುಗಳು ಅವತ್ತು ನಡುವೆ ನಿಂತುನಿಂತು ಹೋದವು. ಭಾರ ಇಳಿಸುವವನು ನಾನು ಎಂದು ಇಷ್ಟು ವರ್ಷ ಯಾರ ಮುಂದೆ ಹೇಳಿಕೊಂಡಿದ್ದನೋ, ಅವನ ಮುಂದೆ ಅದನ್ನು ಮತ್ತೆ ಹೇಳಲು ನಾಲಗೆ ಏಳಲಿಲ್ಲ. ಎಂದೂ ಇಲ್ಲದೆ ಅರ್ಧಕ್ಕೇ ಎದ್ದು ಅಡುಗೆಮನೆಗೆ ಬಂದ.

"ಏನಿದು, ಇಷ್ಟು ಬೇಗ? ದೇವರ ಜೊತೆ ಜಗಳವಾ?" ಎಂದಳು ಹೆಂಡತಿ, ಈರುಳ್ಳಿ ಹೆಚ್ಚುತ್ತಾ.

ಮಾವ ಬಾಗಿಲಿಗೆ ಒರಗಿ ನಿಂತು ಎಲ್ಲ ಹೇಳಿದ. ಅವಳು ಕೈ ನಿಲ್ಲಿಸದೆ ಕೇಳಿದಳು.

"ಹನ್ನೊಂದು ತಿಂಗಳು ಅಲ್ವಾ ಇರೋದು?"

"ಹೌದು."

"ಇಡುಗಂಟು ಬರಲ್ಲ ಅನ್ನಿ."

"ಬರಲ್ಲ."

ಅವಳು ಉಳಿದ ಈರುಳ್ಳಿಯನ್ನೂ ಹೆಚ್ಚಿ ಮುಗಿಸಿದಳು. ಆಮೇಲೆ ಕಣ್ಣು ಒರೆಸಿಕೊಂಡು, "ಮಾಡು ಸೋರೋದು ನನಗೆ ಅಭ್ಯಾಸ ಆಗಿಹೋಗಿದೆ. ಎಲ್ಲೆಲ್ಲಿ ಪಾತ್ರೆ ಇಡ್ಬೇಕು ಅಂತ ಕತ್ತಲಲ್ಲೂ ಗೊತ್ತು. ನೀವು ದಿನಾ ಹೀಗೆ ಮುಖ ಗಂಟಿಕ್ಕೊಂಡು ಬಂದು ನಿಂತ್ರೆ ಮಾತ್ರ ನನ್ನ ಕೈಲಾಗಲ್ಲ," ಎಂದಳು.

ಸೋಮವಾರ ಒಂಬತ್ತಕ್ಕೆ ಆಫೀಸಿನ ಬಸ್ಸು ಎದುರಿಗೇ ನಿಂತು ಹೋಯಿತು. ಮಾವ ಹತ್ತಲಿಲ್ಲ. ನಡೆದುಕೊಂಡೇ ಬೆತ್ತದಮ್ಮನ ಬೀದಿಗೆ ಬಂದ.

ಅವಳು ಅದೇ ಕುರ್ಚಿಯ ಮೇಲೆ ಓರೆ ಎಳೆಗಳನ್ನು ಹಾಯಿಸುತ್ತಿದ್ದಳು. ಇವನನ್ನು ಕಂಡವಳೇ, "ಹೆಸರು ಸಿಕ್ತಾ ಅಣ್ಣಾ?" ಎಂದಳು.

"ಹೆಸರಿಲ್ಲಮ್ಮ. ಅಲ್ಲಿ ಯಾರೂ ಇಲ್ಲ."

ಬಾಗಿಲಲ್ಲೇ ನಿಂತು ಹೇಳಿದ. ವಿಮೆ, ನಾಲ್ಕು ಕೈ, ನಾಲ್ಕು ಸಾವಿರ ಹೆಸರಿನ ಕಂತೆ, ಅರ್ಧ ಲೋಟ ಚಹಾ. ಶುಕ್ರವಾರ ಹಾಕಿದ ಸಹಿಯಿಂದ ಏನಾಗುತ್ತದೆ ಎಂಬುದನ್ನೂ, ಕ್ಯಾಲ್ಕುಲೇಟರಿನಲ್ಲಿ ಕಂಡ ಅಂಕಿಯನ್ನೂ ಬಿಡದೆ ಹೇಳಿದ.

"ನಾನು ಬಡ್ಕೊಂಡೆ!" ನಾದಿನಿ ಎದ್ದು ನಿಂತಳು. "ಬಡ್ಕೊಂಡೆ ಅತ್ತಿಗೇ ಅವತ್ತೇ! ತಲೆ ಮೇಲಿನ ಸೂರಿಗೇ ಕೈ ಹಾಕಿದ್ದಾನಲ್ಲ ಈ ಮನುಷ್ಯ. ಅಣ್ಣಾ ಅಂತೆ, ಅಣ್ಣ!"

"ಕೂತ್ಕೊಳ್ಳೇ." ಬೆತ್ತದಮ್ಮನ ದನಿ ಏರಲಿಲ್ಲ. ಅವಳ ಮುಖದಲ್ಲಿ ನಿರಾಳವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಮೆಟ್ಟಿಲಿದೆಯೆಂದು ಕಾಲಿಟ್ಟು ಇಲ್ಲದೆ ಮುಗ್ಗರಿಸಿದವಳ ಹಾಗೆ ಕಾಣುತ್ತಿದ್ದಳು. "ಹದಿನೇಳು ವರ್ಷದಿಂದ ದಿನಾ ಮಲಗುವಾಗ ಕೇಳ್ಕೊಂಡಿದ್ದೀನಿ ಅಣ್ಣಾ. ನಮ್ಮಿಂದ ಯಾರೋ ನೊಂದಿದ್ದಾರೆ, ಅವರನ್ನ ಚೆನ್ನಾಗಿಡಪ್ಪ ಅಂತ. ಅವರೇ ಇಲ್ವಾ?"

"ಸಾಲ ಕೊಟ್ಟವರು ಇದ್ದರಮ್ಮ. ನೊಂದಿರಲಿಲ್ಲ. ಚೆನ್ನಾಗೇ ಬಾಳಿ ಹೋದ್ರಂತೆ."

"ಚೆನ್ನಾಗಿದ್ರಾ?" ಅವಳು ಕೈಯಲ್ಲಿದ್ದ ಎಳೆಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಅಷ್ಟಾದ್ರೂ ಆಯ್ತಲ್ಲ."

"ನಿನ್ನ ಪ್ರಾರ್ಥನೆಯಿಂದಲೇ ಅವನು ಕೊಬ್ಬಿ ಬಾಳಿದ್ದು ಅತ್ತಿಗೇ," ಎಂದಳು ನಾದಿನಿ. ಆದರೆ ಅವಳ ದನಿಯೂ ಇಳಿದಿತ್ತು.

ಬೆತ್ತದಮ್ಮ ಅರ್ಧ ಹಾಯಿಸಿದ ಎಳೆಯನ್ನು ಬೆಣೆ ಹೊಡೆದು ನಿಲ್ಲಿಸಿ, ತಲೆಯೆತ್ತಿ ಮಾವನನ್ನು ನೋಡಿದಳು. ಕುರ್ಚಿಗೆ ಎಷ್ಟು ದಿನ ಬೇಕು ಎಂದು ವಿಚಾರಿಸುವಷ್ಟೇ ಸಹಜವಾಗಿ ಕೇಳಿದಳು: "ಹಾಗಾದ್ರೆ ಶುಕ್ರವಾರ ನನ್ನ ಹತ್ರ ಯಾಕೆ ತಗೊಂಡ್ರಿ?"

ನೌಕರಿ ಎನ್ನಬಹುದಿತ್ತು. ಕಾನೂನಿನಲ್ಲಿ ಅವಕಾಶವಿದೆ ಎನ್ನಬಹುದಿತ್ತು. ಎರಡೂ ಸುಳ್ಳಲ್ಲ. ಮಾವ ಎರಡನ್ನೂ ನಾಲಗೆಯ ತುದಿಯವರೆಗೆ ತಂದು ಹಿಂದಕ್ಕೆ ನುಂಗಿದ.

"ನೀವು ಕೊಡ್ತೀರಿ ಅಂತ ಗೊತ್ತಿತ್ತಮ್ಮ. ಅದಕ್ಕೆ ತಗೊಂಡೆ."

"ಚೀಟಿ ಇನ್ನೂ ಜಮಾ ಮಾಡಿಲ್ಲಮ್ಮ. ಮಾಡೋದೂ ಇಲ್ಲ," ಎಂದು ಚೀಲದ ಬಾಯಿ ಬಿಚ್ಚಿದ.

"ಆಫೀಸಲ್ಲಿ ಏನಂತ ಹೇಳ್ತೀರಿ?" ಈ ಸಲ ಕೇಳಿದವಳು ನಾದಿನಿ, ವ್ಯಂಗ್ಯವಿಲ್ಲದೆ.

"ಇದ್ದದ್ದು ಇದ್ದ ಹಾಗೆ."

ಮಾವ ಚಪ್ಪಲಿ ಬಿಟ್ಟು ಒಳಗೆ ಬಂದ. ಚೀಲದಿಂದ ಚೀಟಿ ತೆಗೆದ. ಆಫೀಸಿನ ಚೀಟಿ ಪುಸ್ತಕದಲ್ಲಿ ಉಳಿಯಬೇಕಾಗಿದ್ದ ಅದರ ಪ್ರತಿಯನ್ನೂ ಹರಿದು ಜೊತೆಗಿಟ್ಟ. ಅವುಗಳ ಮೇಲೆ, ಶುಕ್ರವಾರ ಮಡಚಿಟ್ಟಿದ್ದ ಹಾಗೇ ಇದ್ದ ನೂರರ ಎರಡು ನೋಟು. ಅವಳು ನೆಲದಲ್ಲಿ ಕೂತಿದ್ದಳು. ನಿಂತು ಕೊಡಲು ಮನಸ್ಸಾಗದೆ ಅವನೂ ಅವಳೆದುರು ಮಂಡಿಯೂರಿ ಕೂತ. ಬೆತ್ತದಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡು ಮುಂದೆ ಚಾಚಿದಳು. ಮಾವ ಎಲ್ಲವನ್ನೂ ಅವಳ ಅಂಗೈಯಲ್ಲಿಟ್ಟ.