ಕುದಿನೀರು ಕಾಣದ ಗಿಡ

ಕಾಲೇಜಿನ ಬಾಟನಿ ಪ್ರಾಜೆಕ್ಟಿಗೆ ಒಣಗಿಸಿದ ನಲವತ್ತು ಗಿಡ ಬೇಕಿತ್ತು. ನನ್ನ ಬಳಿ ಇದ್ದದ್ದು ಮೂರು. ಅದರಲ್ಲೊಂದು ಅಮ್ಮಿಯ ಪುದೀನಾ. ಮಿಷನ್ ಕಂಪೌಂಡಿನ ನಿವೃತ್ತ ನರ್ಸ್ ಇವಾಂಜಲಿನ ಸಿಸ್ಟರ್ ಒಣಗಿಡಗಳಿರುವ ತಮ್ಮ ತಗಡಿನ ಟ್ರಂಕನ್ನು ಕಾಲೇಜಿಗೆ ಕೊಡುತ್ತಾರಂತೆ ಎಂದು ಕೇಳಿದ್ದೇ ಚಿದ್ರಿಯ ನಮ್ಮ ಮನೆಯಿಂದ ಸ್ಕೂಟಿ ಓಡಿಸಿಕೊಂಡು ಹೋದೆ.

ನೂರು ವರ್ಷದ ಹಿಂದೆ ಬೀದರಿಗೆ ಬಂದ ಬಿಳಿ ನರ್ಸಮ್ಮ ತನ್ನೂರಿನ ಹಿಮದ ಬೆಟ್ಟಗಳಿಂದ ತಂದ ಗಿಡಗಳವು. ಹಾಳೆಗೊಂದರಂತೆ ದಾರದಿಂದ ಹೊಲಿದು, ಕೆಳಗೆ ಬೆಟ್ಟದ ಹೆಸರು, ಎತ್ತರ, ತಾರೀಖು ಬರೆದಿದ್ದಳು. ನೀಲಿ ಹೂ ಇನ್ನೂ ನೀಲಿಯೇ. ನಲವತ್ತರ ಫೋಟೊ ಹೊಡೆದ ಮೇಲೆ, ಬಟ್ಟೆಯಲ್ಲಿ ಸುತ್ತಿದ್ದ ಇನ್ನೊಂದು ಉಳಿಯಿತು.

ಬಿಚ್ಚಿದರೆ, ಪೇಪರಿನ ಮಡಿಕೆಯಲ್ಲಿ ದಪ್ಪ ಎಲೆಗಳ ಪುಟ್ಟ ಗಿಡ. ಹಸಿರಾಗಿತ್ತು. ಅದರ ಒಂದು ಬಿಳಿ ಬೇರು ಪೇಪರಿನ ಅಂಚಿನವರೆಗೆ ಚಾಚಿತ್ತು.

ಇಂಥ ಗಿಡವನ್ನು ಒತ್ತುವ ಮೊದಲು ಕುದಿನೀರಿನಲ್ಲಿ ಅದ್ದಬೇಕು, ಇಲ್ಲದಿದ್ದರೆ ಹಾಳೆಯೊಳಗೂ ಬದುಕಿರುತ್ತದೆ. ಅದು ನಮಗೆ ಮೊದಲ ವರ್ಷದ ಪಾಠ. ಆದರೆ ಬದುಕುವುದು ತಿಂಗಳುಗಟ್ಟಲೆ, ನೂರು ವರ್ಷವಲ್ಲ.

ಅದು ಆ ನರ್ಸಮ್ಮನ ತಾಯಿಯ ಸಮಾಧಿಯ ಮೇಲೆ ಬೆಳೆದದ್ದು ಎಂದರು ಸಿಸ್ಟರ್. ಕುದಿನೀರಿಗೆ ಹಾಕಲು ಅವಳಿಗೆ ಮನಸ್ಸು ಬರಲಿಲ್ಲ. ಸಾಯುವಾಗ ಸಿಸ್ಟರ್ ಅವರ ಅಜ್ಜಿಗೆ ಒಪ್ಪಿಸಿದಳು. ಅಂದಿನಿಂದ ಪ್ರತಿ ಶುಭ ಶುಕ್ರವಾರ ಈ ಮನೆಯಲ್ಲಿ ಅದಕ್ಕೆ ಹೊಸ ಪೇಪರ್.

"ಯಾರು ಪೇಪರ್ ಬದಲಿ ಮಾಡ್ತಾರ, ಬೇರು ಅವರ ಕಡಿ ತಿರುಗ್ತದವಾ. ಆಮ್ಯಾಲ ಅದನ್ನ ಬಿಟ್ಟು ಹೋಗಾಕ ಮನಸ್ಸ ಆಗಂಗಿಲ್ಲ. ಮೂವತ್ತು ವರ್ಷ ಆತು, ನಾ ಒಂದ್ ರಾತ್ರಿ ಬ್ಯಾರೆ ಊರಾಗ ಮಲಗಿಲ್ಲ."

ನಾನು ನಕ್ಕೆ. ಸಿಸ್ಟರ್ ಕುರ್ಚಿ ಎತ್ತಿಕೊಂಡು ಮೇಜಿನ ಆಚೆ ಬದಿ ಕುಳಿತರು. ಚಹಾ ಮುಗಿಯುವಷ್ಟರಲ್ಲಿ ಬೇರೂ ಅವರತ್ತ ತಿರುಗಿತ್ತು.

ಭಾಲ್ಕಿಯಲ್ಲಿ ಅವರ ಮಗಳು ಏಂಜಲಿನಾಗೆ ಹೆಣ್ಣು ಮಗು ಆಗಿದೆ. ಸಿಸ್ಟರ್ ಇನ್ನೂ ಮೊಮ್ಮಗಳ ಮುಖ ನೋಡಿಲ್ಲ. ಹೋಗಬೇಕು, ಆದರೆ ಈ ಗಿಡ ಆ ಮಗುವಿನ ಮನೆಗೆ ಬರಬಾರದು, ಯಾರ ಕೈಗೂ ದಾಟಬಾರದು.

"ನನ್ನ ಕೈಲೆ ಆಗಂಗಿಲ್ಲ. ನೀ ಸೈನ್ಸ್ ಓದಾಕಿ. ಕುದಿನೀರಾಗ ಹಾಕಿ ಬಾ."

ಒಲೆಯ ಮೇಲೆ ನೀರು ಮರಳುತ್ತಿತ್ತು. ಗಿಡ ಎತ್ತಿಕೊಂಡೆ. ಆವಿ ತಾಗುವ ಮೊದಲೇ ಎಲೆಗಳು ಬೆಚ್ಚಗಿದ್ದವು, ಮಲಗಿದ ಮಗುವಿನ ಕಿವಿಯಂತೆ. ನನ್ನ ಬೆರಳು ಬಿಡಲಿಲ್ಲ. ನೀರನ್ನು ಮೋರಿಗೆ ಚೆಲ್ಲಿ, ಗಿಡವನ್ನು ಅಲ್ಲೇ ಇದ್ದ ಹೊಸ ಪೇಪರಿನಲ್ಲಿ ಮಡಿಸಿ ಬ್ಯಾಗಿಗೆ ಹಾಕಿದೆ.

"ಆತೇನವಾ?"

"ಆತ್ರಿ, ಸಿಸ್ಟರ್."

ಅವರು ಕಣ್ಣು ಮುಚ್ಚಿ ಪ್ರಾರ್ಥಿಸಿ, ಟ್ರಂಕಿನ ಕೀಲಿಯನ್ನು ನನ್ನ ಕೈಗಿಟ್ಟರು. ಗೇಟು ದಾಟುವಾಗ ಹೊಳೆಯಿತು: ಪೇಪರ್ ಬದಲಿಸಿದ್ದು ಈಗ ನಾನು.

ಸಿಸ್ಟರ್ ಭಾಲ್ಕಿಯಿಂದ ವೀಡಿಯೊ ಕಾಲ್ ಮಾಡಿ ಮೊಮ್ಮಗಳನ್ನು ತೋರಿಸುತ್ತಾರೆ. ನಾನು ಮಾತ್ರ ಕಾಲೇಜಿನ ಟೂರಿಗೆ ಹೋಗಲಿಲ್ಲ, ಜ್ವರ ಎಂದೆ. ಬ್ಯಾಗು ಸದಾ ಹಾಸಿಗೆಯ ಪಕ್ಕದಲ್ಲೇ.

ಮೊನ್ನೆ ಮನಸ್ಸು ಹಗುರವೆನಿಸಿತು. ಯಾಕೋ ಔರಾದಿನಲ್ಲಿರುವ ಅಮ್ಮಿಯ ಅಕ್ಕ, ಖಾಲಾ ಮನೆಗೆ ಹೋಗಿ ಬರೋಣ ಅನ್ನಿಸಿತು. ಅಲ್ಲಿ ಮದುವೆ, ನನಗಿಂತ ತಂಗಿ ಫರ್ಹೀನಳೇ ತಿಂಗಳಿಂದ ಕುಣಿಯುತ್ತಿದ್ದಳು. ಕರೆದರೆ ಬರಲ್ಲ ಎಂದಳು. ಕೇಳಿ ಕೇಳಿ ಕೊನೆಗೆ ಬಾಯಿ ಬಿಟ್ಟಳು: ನನ್ನ ಬ್ಯಾಗಿನಲ್ಲಿ ಗಿಡದ ಸುತ್ತ ಒದ್ದೆ ಪೇಪರ್ ಕಂಡಿತ್ತು, ಅದನ್ನು ತೆಗೆದು ಒಣಗಿದ ಪೇಪರ್ ಹಾಕಿದ್ದಾಳೆ.

ಈಗ ಮತ್ತೆ ನೀರಿಟ್ಟಿದ್ದೇನೆ. ಕುದಿಯುತ್ತಿದೆ. ಫರ್ಹೀನ ಒಲೆಗೂ ನನಗೂ ನಡುವೆ ನಿಂತಿದ್ದಾಳೆ, ಗಿಡವನ್ನು ಎದೆಗೆ ಅವಚಿಕೊಂಡು.